ಕುರ್ಚಿರಾಯರು ಪಾಸಾದ ಪರೀಕ್ಷೆ

ಕುರ್ಚಿರಾಯರು ತಮ್ಮ ಜನ್ಮದಲ್ಲಿ ಗಣಿತದ ಮೇಷ್ಟ್ರು ಮೆಚ್ಚುವಂತೆ ಪಾಸಾದದ್ದು ಒಂದೇ ಒಂದು ಪರೀಕ್ಷೆ. ಅದರಲ್ಲಿ ಅವರು ಫೇಲಾಗಬೇಕಿತ್ತು ಎಂಬುದು ಆಮೇಲೆ ತಿಳಿಯಿತು. ಈ ಮಾತನ್ನು ಎತ್ತಲಿಂದ ಹೇಳಿದರೂ ಗೋಜಲೇ. ಆದ್ದರಿಂದ ಮೊದಲಿನಿಂದ ಹೇಳುವುದೇ ವಾಸಿ.

ರಾಯರು ಒಂದು ಕಲಾ ಮ್ಯೂಸಿಯಂನ ಏಳನೇ ಕೋಣೆಯ ಕಾವಲುಗಾರರು. ಇಪ್ಪತ್ತಾರು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ, ಎದುರಿನ ಗೋಡೆಯಲ್ಲಿ ಅದೇ ಚಿತ್ರ. ಚಿತ್ರದಲ್ಲಿ ಒಬ್ಬ ಹೆಂಗಸು ನೀಲಿ ಕೊಡದ ಪಕ್ಕ ನಿಂತಿದ್ದಾಳೆ. ಇವರು ಕೂತಿರುತ್ತಾರೆ, ಅವಳು ನಿಂತಿರುತ್ತಾಳೆ, ಇಬ್ಬರಿಗೂ ಬೇಸರವಿಲ್ಲ. ನೋಡಲು ಬಂದವರು ರಾಯರನ್ನು ಕಲೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಎಲ್ಲರೂ ಕೇಳುವುದು ಒಂದೇ: "ಇಲ್ಲಿ ಟಾಯ್ಲೆಟ್ ಎಲ್ಲಿದೆ?" ರಾಯರು ಕೂತಲ್ಲಿಂದಲೇ, "ಮೆಟ್ಟಿಲ ಪಕ್ಕ, ಎಡಗಡೆ" ಎನ್ನುತ್ತಾರೆ. ಕಲಾಲೋಕಕ್ಕೆ ಅವರ ಸೇವೆ ಇಷ್ಟೇ, ಆದರೆ ಅದರಲ್ಲಿ ಒಂದು ದಿನವೂ ತಪ್ಪಿದವರಲ್ಲ.

ಮನೆಯಲ್ಲಿ ಮಾತ್ರ ಅವರಿಗೆ ಕುರ್ಚಿಯ ಯೋಗವಿಲ್ಲ. ಮನೆಯ ಒಂದೇ ಒಳ್ಳೆಯ ಕುರ್ಚಿಯಲ್ಲಿ ಅವರ ಮಾವ ಕೂತಿರುತ್ತಾರೆ. ಮಾವ ನಿವೃತ್ತ ಗಣಿತ ಮೇಷ್ಟ್ರು. ಒಂಬತ್ತನೇ ತರಗತಿಯಲ್ಲಿ ರಾಯರನ್ನು ಮೂರು ಸಲ ಫೇಲು ಮಾಡಿದ ಮಹಾನುಭಾವರು ಇವರೇ. ಮೂರನೇ ಸಲ ಫಲಿತಾಂಶ ಕೇಳಲು ಹುಡುಗ ಹೆದರುತ್ತಾ ಮನೆಗೇ ಹೋದಾಗ ಬಾಗಿಲು ತೆಗೆದವಳು ಮೇಷ್ಟ್ರ ಮಗಳು. ಗಣಿತ ಕೈ ಕೊಟ್ಟಿತು, ಮಗಳು ಕೈ ಹಿಡಿದಳು. ಎರಡರ ನಡುವೆ ಎಂಟು ವರ್ಷ ಕಳೆಯಿತು ಎನ್ನುವುದು ಬೇರೆ ಮಾತು. ಮದುವೆಯಾಗಿ ಮೂವತ್ತು ವರ್ಷವಾದರೂ ಮೇಷ್ಟ್ರು ಅಳಿಯನನ್ನು ಕರೆಯುವುದು "ಏ ಕೊನೇ ಬೆಂಚು" ಎಂದು. ಅಳಿಯನಿಗೂ "ಮಾವ" ಎನ್ನಲು ಇವತ್ತಿನವರೆಗೆ ನಾಲಿಗೆ ಏಳಲಿಲ್ಲ. "ಸಾರ್" ಎನ್ನುತ್ತಾರೆ.

ಒಂದು ದಿನ ಮಧ್ಯಾಹ್ನ ಏಳನೇ ಕೋಣೆಗೆ ಒಬ್ಬ ಹುಡುಗಿ ಬಂದಳು. ಮ್ಯೂಸಿಯಂನ ವೆಬ್‌ಸೈಟನ್ನು ಹೊಸದಾಗಿ ಮಾಡಲು ಬಂದವಳು. ಆರು ತಿಂಗಳಿಂದ ಮಾಡುತ್ತಿದ್ದಳು. ರಾಯರು "ಮೆಟ್ಟಿಲ ಪಕ್ಕ, ಎಡಗಡೆ" ಎಂದರು.

"ಅದಲ್ಲ ಸರ್. ಸೋಮವಾರ ನೀವು ಒಂದು ಸಹಾಯ ಮಾಡ್ಬೇಕು. ಹಳೇ ವೆಬ್‌ಸೈಟಲ್ಲಿ ನಾನು ಏಳು ಪ್ರಶ್ನೆ ಕೊಡ್ತೀನಿ, ನೀವು ಉತ್ತರ ಹುಡುಕ್ಬೇಕು. ನಾನು ಪಕ್ಕದಲ್ಲಿ ಗಡಿಯಾರ ಇಟ್ಕೊಂಡು ಬರ್ಕೋತೀನಿ. ಸರಿ-ತಪ್ಪು ಅಂತೇನಿಲ್ಲ. ಏನೂ ಓದ್ಕೊಂಡು ಬರಬೇಡಿ."

ಏಳು ಪ್ರಶ್ನೆ, ಗಡಿಯಾರ, ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು. ಸಹಾಯ ಅಂತೆ! ಇಂಥ ಸಹಾಯವನ್ನು ಅವರು ಒಂಬತ್ತನೇ ತರಗತಿಯಲ್ಲಿ ಮೂರು ಸಲ ಮಾಡಿದ್ದರು.

ಟಿಕೆಟ್ ಕೌಂಟರಿನವನ ಬಳಿ ಹೋಗಿ ಹೇಳಿಕೊಂಡರು. ಮ್ಯೂಸಿಯಂನಲ್ಲಿ ನಡೆಯುವುದೆಲ್ಲ ಅವನಿಗೆ ಮೊದಲೇ ತಿಳಿದಿರುತ್ತದೆ, ನಡೆಯದ್ದೂ ತಿಳಿದಿರುತ್ತದೆ.

"ನಂಗೊತ್ತಿತ್ತು ಕಣ್ರೀ" ಎಂದ ಅವನು, ಗಾಜಿನ ಕಿಂಡಿಗೆ ಬಾಯಿ ತಂದು. "ಹೊಸ ವೆಬ್‌ಸೈಟ್ ಬಂದ್ರೆ ಜನ ಫೋನ್ ನೋಡ್ಕೊಂಡೇ ಓಡಾಡ್ತಾರೆ. ಕೋಣೆಗೊಬ್ಬರು ಯಾಕೆ ಬೇಕು? ಯಾರನ್ನ ಇಟ್ಕೊಳ್ಳೋದು, ಯಾರನ್ನ ಕಳ್ಸೋದು ಅಂತ ಜರಡಿ ಹಿಡೀತಿದಾರೆ. ಮೊದಲನೇ ಹೆಸರು ನಿಮ್ದೇ!"

"ಓದ್ಬೇಡಿ ಅಂದ್ಳಲ್ಲಪ್ಪ."

"ಓದ್ಬೇಡಿ ಅಂತ ಯಾವಾಗ ಹೇಳ್ತಾರೆ ಹೇಳಿ? ಓದದೇ ಬಂದ್ರೆ ಸುಲಭವಾಗಿ ತೆಗೀಬಹುದು ಅಂದಾಗ."

ಅಷ್ಟಕ್ಕೇ ಬಿಡದೆ ಅವನು ಜೆರಾಕ್ಸ್ ಯಂತ್ರದ ಮೇಲೆ ಯಾರೋ ಮರೆತುಹೋದ ಒಂದು ಹಾಳೆಯನ್ನು ಮಡಚಿ ರಾಯರ ಜೇಬಿಗೆ ತುರುಕಿದ. ಬಿಡಿಸಿ ನೋಡಿದರೆ ಏಳು ಪ್ರಶ್ನೆಗಳು.

ಮನೆಯಲ್ಲಿ ಹೆಂಡತಿ ಹಾಳೆಯನ್ನು ಓದಿ ಅಪ್ಪನ ಮುಖ ನೋಡಿದರು. ಮೂವತ್ತೈದು ವರ್ಷದ ನೌಕರಿಯಲ್ಲಿ ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನು ದಿಂಬಿನ ಕೆಳಗಿಟ್ಟು ಮಲಗಿದವರು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಗಂಟಲು ಸರಿಪಡಿಸಿಕೊಂಡು, "ಇದು ಮಾದರಿ ಪ್ರಶ್ನೆಪತ್ರಿಕೆ" ಎಂದು ತೀರ್ಪು ಕೊಟ್ಟರು. "ಮಾದರಿ ಪತ್ರಿಕೆ ನೋಡೋದು ತಪ್ಪಲ್ಲ. ಏ ಕೊನೇ ಬೆಂಚು, ನಾಳೆ ಬೆಳಿಗ್ಗೆ ಆರಕ್ಕೆ ಏಳು. ಈ ಸಲ ನಿನ್ನ ಪಾಸು ಮಾಡಿಸ್ದೆ ಬಿಡಲ್ಲ."

ಬೆಳಿಗ್ಗೆ ಹೆಂಡತಿಯ ಫೋನಿನಲ್ಲಿ ವೆಬ್‌ಸೈಟನ್ನು ತೆರೆದಾಗ ಮೇಷ್ಟ್ರೂ ಒಂದು ಗಳಿಗೆ ದಂಗಾದರು. ಅದನ್ನು ಬರೆದವರು ಮ್ಯೂಸಿಯಂನ ನಿರ್ದೇಶಕರೇ, ಮತ್ತು ಅವರಿಗೆ ನೇರ ಮಾತು ಕಂಡರೆ ಆಗದು. ಬಾಗಿಲು ತೆರೆಯುವ ವೇಳೆ ಬೇಕಿದ್ದರೆ 'ಕಾಲದೊಡನೆ ನಮ್ಮ ಒಡನಾಟ' ಎಂಬಲ್ಲಿಗೆ ಹೋಗಬೇಕು. ಟಿಕೆಟ್ಟು 'ಪ್ರವೇಶವೆಂಬ ಪಯಣ'ದಲ್ಲಿದೆ. ಟಾಯ್ಲೆಟ್ಟಿಗೆ ಅವಸರವಾದವರು ಮೊದಲು 'ಒಳನೋಟಗಳು', ಅಲ್ಲಿಂದ 'ದೇಹ ಮತ್ತು ದೃಷ್ಟಿ', ಅಲ್ಲಿಂದ 'ವಿರಾಮದ ನೆಲೆಗಳು' ದಾಟಬೇಕು. ಅಷ್ಟು ಹೊತ್ತು ತಡೆದುಕೊಂಡವರಿಗೆ ಮೋಕ್ಷ.

"ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡ, ಬಾಯಿಪಾಠ ಮಾಡು" ಎಂದರು ಮೇಷ್ಟ್ರು. ಗಣಿತಕ್ಕೂ ಅವರು ಹೇಳುತ್ತಿದ್ದುದು ಇದನ್ನೇ.

ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ವೆಬ್‌ಸೈಟಿನ ಒಂದೊಂದು ಪುಟವನ್ನೂ ಬರೆದು ಮನೆಯ ತುಂಬ ಅಂಟಿಸಿದರು. ಮುಖಪುಟ ಬಾಗಿಲಿಗೆ. 'ಒಳನೋಟಗಳು' ಬೀರುವಿಗೆ. 'ದೇಹ ಮತ್ತು ದೃಷ್ಟಿ' ಕನ್ನಡಿಗೆ. 'ವಿರಾಮದ ನೆಲೆಗಳು' ಎಲ್ಲಿ ಅಂಟಿಸಿದರೂ ಉದುರುತ್ತಿತ್ತು, ಕಡೆಗೆ ಅಡುಗೆಮನೆಯ ಸಕ್ಕರೆ ಡಬ್ಬದ ಮೇಲೆ ಗಟ್ಟಿಯಾಗಿ ಕೂತಿತು.

"ನನ್ನ ಸಕ್ಕರೆ ಡಬ್ಬದ ಮೇಲೆ ಟಾಯ್ಲೆಟ್ಟಾ? ತೆಗೀರಿ ಅತ್ಲಾಗೆ!" ಎಂದರು ಹೆಂಡತಿ.

"ಸೋಮವಾರದ ತನಕ ಯಾರೂ ಮುಟ್ಟೋ ಹಾಗಿಲ್ಲ" ಎಂದರು ಮೇಷ್ಟ್ರು.

ಮೇಷ್ಟ್ರು ಕುರ್ಚಿಯಲ್ಲಿ ಕೂತು, ಕೈಯಲ್ಲಿ ಅಳತೆಪಟ್ಟಿ ಹಿಡಿದು ಪ್ರಶ್ನೆ ಕೂಗುವುದು, ರಾಯರು ಬನಿಯನ್ನಿನಲ್ಲಿ ಓಡುವುದು. "ಟಾಯ್ಲೆಟ್!" ಎಂದರೆ "ಬಾಗಿಲು, ಬೀರು, ಕನ್ನಡಿ, ಸಕ್ಕರೆ ಡಬ್ಬ!" "ಟಿಕೆಟ್, ದೊಡ್ಡವರು ಇಬ್ಬರು!" ಎಂದರೆ "ಬಾಗಿಲು, ಕಿಟಕಿ, ಬಕೆಟ್ಟು!" ಮೌಸ್ ಹಿಡಿಯುವ ಅಭ್ಯಾಸವಾಗಲೆಂದು ಬಲಗೈಯಲ್ಲಿ ಬಟ್ಟೆ ಸೋಪನ್ನು ಹಿಡಿದೇ ಓಡಬೇಕು. ಮಹಡಿ ಮನೆಯಾಕೆ ಸ್ಕ್ರೂಡ್ರೈವರ್ ಕೇಳಲು ಬಂದು ನೇರವಾಗಿ ಅಡುಗೆಮನೆಗೆ ಹೊರಟಾಗ ಮೇಷ್ಟ್ರು, "ನಿಲ್ಲಿ! ಅಲ್ಲಿಂದ ಅಲ್ಲಿಗೆ ದಾರಿ ಇಲ್ಲ. ಬೀರು ಕಡೆಯಿಂದ ಬನ್ನಿ" ಎಂದು ಗದರಿದರು. ಆಕೆ ಪಾಪ, ಬೀರುವಿನ ಮುಂದೆ ಒಂದು ಸುತ್ತು ಹಾಕಿಯೇ ಹೋದರು. ಸಂಜೆಯ ಹೊತ್ತಿಗೆ ಕಟ್ಟಡದಲ್ಲಿ ಎರಡು ಸುದ್ದಿ ಹಬ್ಬಿತ್ತು. ಕೆಳಗಿನ ಮನೆಯವರಿಗೆ ತಲೆ ಕೆಟ್ಟಿದೆ ಎಂಬುದು ಒಂದು, ರಾಯರಿಗೆ ದೊಡ್ಡ ಹುದ್ದೆ ಬರಲಿದೆ ಎಂಬುದು ಇನ್ನೊಂದು. ಹೆಚ್ಚಿನವರು ಎರಡನ್ನೂ ನಂಬಿದರು.

ಸೋಮವಾರ ಬಂತು. ಆ ಹುಡುಗಿ ರಾಯರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ಹೆದರ್ಕೋಬೇಡಿ ಸರ್. ಗೊತ್ತಾಗ್ಲಿಲ್ಲ ಅಂದ್ರೆ ಗೊತ್ತಾಗ್ಲಿಲ್ಲ ಅನ್ನಿ. ಮನಸ್ಸಿಗೆ ಬಂದದ್ದನ್ನ ಜೋರಾಗಿ ಹೇಳ್ತಾ ಮಾಡಿ" ಎಂದಳು. ಹಿಂದೆ ನಿರ್ದೇಶಕರು ಕೈಕಟ್ಟಿ ನಿಂತಿದ್ದರು, ತಮ್ಮ ಬರವಣಿಗೆಯ ಮೇಲೆ ಯಾರೋ ಕೈ ಮಾಡಲಿದ್ದಾರೆ ಎನ್ನುವ ಮುಖದಲ್ಲಿ.

"ಮೊದಲನೇದು. ಟಾಯ್ಲೆಟ್ ಎಲ್ಲಿದೆ ಅಂತ ಹುಡುಕಿ."

"ಬಾಗಿಲು" ಎಂದರು ರಾಯರು. ಟಿಕ್. "ಬೀರು." ಟಿಕ್. "ಕನ್ನಡಿ." ಟಿಕ್. "ಸಕ್ಕರೆ ಡಬ್ಬ." ಟಿಕ್.

ಪರದೆಯ ಮೇಲೆ ಟಾಯ್ಲೆಟ್ ಬಂತು. ಹುಡುಗಿ ಗಡಿಯಾರವನ್ನು ನೋಡಿದಳು, ಅಲ್ಲಾಡಿಸಿ ಮತ್ತೆ ನೋಡಿದಳು. ಆರು ಸೆಕೆಂಡು.

ಏಳು ಪ್ರಶ್ನೆಗಳೂ ಎರಡು ನಿಮಿಷದಲ್ಲಿ ಮುಗಿದವು. ಹುಡುಗಿ ಪೆನ್ನು ಹಿಡಿದಿದ್ದಳು, ಆದರೆ ಹಾಳೆಯಲ್ಲಿ 'ಬಕೆಟ್ಟು?' ಎಂಬ ಒಂದೇ ಶಬ್ದವಿತ್ತು.

"ಗಮನಿಸಿದ್ರಾ?" ಎಂದು ನಿರ್ದೇಶಕರು ಗದ್ಗದಿತರಾದರು. "ಬಾಗಿಲು, ಬೀರು, ಕನ್ನಡಿ! ನನ್ನ ವೆಬ್‌ಸೈಟಲ್ಲಿ ಓಡಾಡಿದ್ರೆ ಇವರಿಗೆ ಸ್ವಂತ ಮನೇಲಿ ಓಡಾಡಿದ ಹಾಗೆ ಅನ್ಸುತ್ತೆ! ಕಂಪ್ಯೂಟರೇ ಮುಟ್ಟದ ಮನುಷ್ಯ! ಹೊಸದು ಯಾಕಮ್ಮ ಬೇಕು? ಗುರುವಾರ ಆಡಳಿತ ಮಂಡಳಿ ಮುಂದೆ ಇದನ್ನೇ ಇನ್ನೊಂದ್ಸಲ ತೋರಿಸೋಣ."

ಮನೆಯಲ್ಲಿ ಮೇಷ್ಟ್ರು ಸುದ್ದಿ ಕೇಳಿ ಕುರ್ಚಿಯಿಂದ ಎದ್ದರು. ರಾಯರು ಹೊಡೆತ ತಪ್ಪಿಸಿಕೊಳ್ಳುವ ಹಳೇ ಚಾಳಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರು ಕುರ್ಚಿಯನ್ನು ಟವೆಲಿನಿಂದ ಒರೆಸಿ, "ಕೂತ್ಕೊಳ್ಳಿ, ಅಳಿಯಂದಿರೇ" ಎಂದರು. ಒಳಗೆ ಹೆಂಡತಿಯ ಕೈಯಿಂದ ಲೋಟ ಬಿದ್ದ ಸದ್ದು ಕೇಳಿಸಿತು. ರಾಯರು ಕುರ್ಚಿಯ ತುದಿಯಲ್ಲಿ ಕೂತರು. ಇಪ್ಪತ್ತಾರು ವರ್ಷದಿಂದ ಕೂರುವುದೇ ಕೆಲಸವಾಗಿದ್ದ ಮನುಷ್ಯನಿಗೆ ಹೇಗೆ ಕೂರಬೇಕೆಂದು ಗೊತ್ತಾಗಲಿಲ್ಲ. ಸುಖ ಎಂದರೆ ಇದೇ ಇರಬೇಕು ಎಂದುಕೊಂಡರು.

ಆ ಸುಖ ಬುಧವಾರದವರೆಗೆ ಉಳಿಯಿತು. ಬುಧವಾರ ಆ ಹುಡುಗಿ ಏಳನೇ ಕೋಣೆಗೆ ಬಂದು ನೆಲದ ಮೇಲೇ ಕೂತುಬಿಟ್ಟಳು. ಕಣ್ಣು ಕೆಂಪಾಗಿದ್ದವು.

"ಆರು ತಿಂಗಳ ಕೆಲಸ ಸರ್. ನಾಳೆ ಕಸದ ಬುಟ್ಟಿಗೆ. ಒಂದು ಮಾತು ಹೇಳಿ, ನಿಮಗೆ ಅದೆಲ್ಲ ಹೇಗೆ ಬಂತು? ನನಗೇ ಟಾಯ್ಲೆಟ್ ಸಿಗೋಕೆ ಎರಡು ದಿನ ಬೇಕಾಯ್ತು."

"ಕಷ್ಟಪಟ್ಟು ಓದಿದೆ ತಾಯಿ" ಎಂದರು ರಾಯರು ಹೆಮ್ಮೆಯಿಂದ.

"ಓದಿದ್ರಾ! ಸರ್, ನಿಮಗೆ ಕಷ್ಟ ಆಗ್ಬೇಕಿತ್ತು. ಏನೂ ಸಿಗಬಾರದಿತ್ತು."

"ಅಂದ್ರೆ ನಾನು ಫೇಲ್ ಆಗ್ಬೇಕಿತ್ತಾ?"

"ನೀವಲ್ಲ ಸರ್. ಅದು."

"ಅದು ಫೇಲ್ ಆಗ್ಬೇಕಿತ್ತು. ಆದ್ರೆ ಪರೀಕ್ಷೆಗೆ ಕೂತಿದ್ದು ನಾನು."

"ಪರೀಕ್ಷೆ ನಿಮಗಲ್ಲ, ಅದಕ್ಕೆ."

"ಮತ್ತೆ ಉತ್ತರ ನನ್ನ ಹತ್ರ ಯಾಕೆ ಬರೆಸಿದ್ರಿ?"

ಹುಡುಗಿ ಮತ್ತೆ ಮೊದಲಿನಿಂದ ಹೇಳಿದಳು. ರಾಯರಿಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಒಂದು ಸಲ ಈ ಕಡೆ ಬೆಳಕು, ಒಂದು ಸಲ ಆ ಕಡೆ ಬೆಳಕು. ಅವರಿಗೆ ಪೂರ್ತಿ ತಿಳಿದದ್ದು ಒಂದೇ: ತಾವು ಪಾಸಾದದ್ದರಿಂದ ಈ ಮಗು ಅಳುತ್ತಿದೆ. ಇದುವರೆಗೆ ಅವರ ಪರೀಕ್ಷೆಗಳಿಂದ ಅತ್ತವರು ಅವರೊಬ್ಬರೇ.

ಮನೆಗೆ ಹೋಗಿ ಅಡುಗೆಮನೆಯಲ್ಲಿ ಹೆಂಡತಿಗೆ ಪಿಸುಗುಟ್ಟಿದರು. ನಡುಮನೆಯಲ್ಲಿ ಮೇಷ್ಟ್ರು ನಾಳೆ ಮಂಡಳಿಯ ಸಭೆಗೆ ತಾವೂ ಬರುವುದೆಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ನಾಳೆ ಫೇಲಾದ್ರೆ ಕೆಲಸ ಹೋಗ್ಬಹುದು ಕಣೇ. ಪಾಸಾದ್ರೆ ಆ ಹುಡುಗಿ ಕೆಲಸ ಹೋಗುತ್ತೆ. ಫೇಲಾದ್ರೆ ನಿಮ್ಮಪ್ಪ..."

ಹೆಂಡತಿ ಒಲೆಯ ಉರಿ ತಗ್ಗಿಸಿದರು. "ಮೂವತ್ತು ವರ್ಷದಲ್ಲಿ ಅಪ್ಪ ನಿಮ್ಮನ್ನ ಅಳಿಯಂದಿರೇ ಅಂದಿದ್ದು ಇದೇ ಮೊದಲು" ಎಂದರು. "ಆ ಹುಡುಗಿ ನಿಜವಾಗ್ಲೂ ಅಳ್ತಿದ್ಳಾ?"

"ಅಳ್ತಿದ್ಳು."

"ಹಾಗಾದ್ರೆ ಫೇಲಾಗಿ ಬನ್ನಿ. ನಿಮಗೇನು ಹೊಸದಲ್ಲವಲ್ಲ."

ಗುರುವಾರ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯ ಮೇಲೆ ದೊಡ್ಡ ಪರದೆ. ತುದಿಯಲ್ಲಿ ಮಂಡಳಿಯ ಅಧ್ಯಕ್ಷೆ ಕೂತಿದ್ದರು. ವಯಸ್ಸಾದ ಹೆಂಗಸು, ಕೈಯಲ್ಲಿ ಊರುಗೋಲು, ಮಾತು ಊರುಗೋಲಿಗಿಂತ ಗಟ್ಟಿ. ಹಿಂದಿನ ಸಾಲಿನಲ್ಲಿ ಮೇಷ್ಟ್ರು ಎಲ್ಲರಿಗೂ ಕೇಳುವಂತೆ "ನನ್ನ ಅಳಿಯ. ನನ್ನ ಶಿಷ್ಯನೂ ಹೌದು" ಎನ್ನುತ್ತಿದ್ದರು.

ರಾಯರು ಫೇಲಾಗುವ ಗಟ್ಟಿ ಮನಸ್ಸು ಮಾಡಿಯೇ ಕೂತರು. ಈ ವಿದ್ಯೆಯಲ್ಲಿ ಅವರಷ್ಟು ಅನುಭವವುಳ್ಳವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೆ ಬಾಯಿಪಾಠವೆನ್ನುವುದು ಕೆಟ್ಟ ಸಾಲಗಾರ, ಬೇಡ ಎಂದರೂ ಬಾಗಿಲಲ್ಲೇ ನಿಂತಿರುತ್ತದೆ. ಈ ಸಲ ಮೊದಲಿಗೆ "ಬಾಗಿಲು ತೆರೆಯೋ ವೇಳೆ ಹುಡುಕಿ" ಎಂದಾಗ ಅವರು ಕಣ್ಣು ಮುಚ್ಚಿಕೊಂಡು ಎಲ್ಲೋ ಒಂದು ಕಡೆ ಒತ್ತಿದರು. ಕೈ ತಾನಾಗಿ 'ಕಾಲದೊಡನೆ ನಮ್ಮ ಒಡನಾಟ'ಕ್ಕೆ ಹೋಯಿತು. ಎಡಗೈಯಿಂದ ಒತ್ತಿದರು, ನೀಲಿ ಕೊಡದ ಹೆಂಗಸು ಪ್ರತ್ಯಕ್ಷಳಾದಳು, ಎರಡನೇ ಪ್ರಶ್ನೆ ಆ ಚಿತ್ರ ಹುಡುಕುವುದೇ ಆಗಿತ್ತು. ನಿರ್ದೇಶಕರು "ಪ್ರಶ್ನೆ ಕೇಳೋ ಮೊದಲೇ!" ಎಂದು ಚಪ್ಪಾಳೆ ತಟ್ಟಿದರು. ರಾಯರು ಬೆವೆತುಹೋದರು. ಹುಡುಗಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಅಧ್ಯಕ್ಷೆ ಊರುಗೋಲು ಎತ್ತಿದರು. "ಸ್ವಲ್ಪ ನಿಲ್ಸಿ. ಎರಡು ಲೋಟ ಕಾಫಿ ಕುಡಿಸಿದೀರಿ. ಇಲ್ಲಿ ಟಾಯ್ಲೆಟ್ ಎಲ್ಲಿದೆ?"

ನಿರ್ದೇಶಕರಿಗೆ ಆಕಾಶಕ್ಕೆ ಮೂರೇ ಗೇಣು ಉಳಿಯಿತು. "ಎಂಥ ಸಂದರ್ಭ! ತಾವೇ ವೆಬ್‌ಸೈಟಲ್ಲಿ ನೋಡ್ಬೇಕು ಮೇಡಂ. ನಮ್ಮ ಕಾವಲುಗಾರರಿಗೆ ಆರು ಸೆಕೆಂಡು ಸಾಕಾಯ್ತು."

ಅಧ್ಯಕ್ಷೆ ಮೌಸನ್ನು ಎಳೆದುಕೊಂಡರು. ಒಂದು ನಿಮಿಷ ಕಳೆಯಿತು. 'ಸೌಂದರ್ಯ ಮತ್ತು ಮೌನ' ಬಂತು. "ಇದಲ್ಲ" ಎಂದರು. 'ಹರಿವು' ಎಂಬುದು ಕಂಡಿತು, ಆಸೆಯಿಂದ ಒತ್ತಿದರು, ಅದು ನದಿಗಳ ಚಿತ್ರಗಳ ಬಗ್ಗೆ ಹದಿನಾಲ್ಕು ಪುಟದ ಲೇಖನ. ಎರಡು ನಿಮಿಷ ಕಳೆಯಿತು. ಅವರು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದರು, ಆಮೇಲೆ ಅದನ್ನು ತೆಗೆದು ಇದನ್ನು ಹಾಕಿದರು. ಮಂಡಳಿಯವರು ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ಟಾಯ್ಲೆಟ್ಟು ಆ ಕೋಣೆಯಿಂದ ಹತ್ತು ಹೆಜ್ಜೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎಂಬ ಗಾದೆ ಹೀಗೇ ಹುಟ್ಟಿರಬೇಕು.

ರಾಯರಿಗೆ ತಡೆಯಲಾಗಲಿಲ್ಲ. ಪರೀಕ್ಷೆ, ಕುರ್ಚಿ, ಮಾವ, ಎಲ್ಲ ಮರೆತು ಎದ್ದು ನಿಂತರು.

"ಅಮ್ಮಾ, ಅದನ್ನ ಬಿಡಿ. ಮೆಟ್ಟಿಲ ಪಕ್ಕ, ಎಡಗಡೆ. ಬನ್ನಿ, ನಾನು ತೋರಿಸ್ತೀನಿ."

ಅಧ್ಯಕ್ಷೆ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದರು ಎಂದೇ ಹೇಳಬೇಕು. ಹಿಂತಿರುಗಿ ಬಂದು ನೆಮ್ಮದಿಯಾಗಿ ಕೂತು, "ನಿಜ ಹೇಳಪ್ಪ. ನನಗೆ ಸಿಗದ್ದು ನಿನಗೆ ಆರು ಸೆಕೆಂಡಲ್ಲಿ ಹೇಗೆ ಸಿಕ್ತು?" ಎಂದರು.

ರಾಯರು ಹಿಂದಿನ ಸಾಲು ನೋಡಿದರು. ಇಸ್ತ್ರಿ ಅಂಗಿಯ ಮೇಷ್ಟ್ರು ನೆಟ್ಟಗೆ ಕೂತಿದ್ದರು.

"ಬಾಯಿಪಾಠ ಮಾಡಿದ್ದೆ ಅಮ್ಮಾ. ಪ್ರಶ್ನೆ ಮೊದಲೇ ಸಿಕ್ಕಿತ್ತು. ಸಕ್ಕರೆ ಡಬ್ಬದ ಮೇಲೆ ಅಂಟಿಸ್ಕೊಂಡು ಓದಿದೆ. ನನಗೆ ಏನೂ ಬರಲ್ಲ."

"ಮಾದರಿ ಪ್ರಶ್ನೆಪತ್ರಿಕೆ!" ಎಂದು ಹಿಂದಿನಿಂದ ಒಂದು ದನಿ ಕೂಗಿತು. ಆಮೇಲೆ ಅದೇ ದನಿ ಇಳಿದು, "ಓದಿಸಿದ್ದು ನಾನೇ. ಬೈಯೋದಿದ್ರೆ ನನ್ನ ಬೈಯಿರಿ" ಎಂದಿತು.

ನಿರ್ದೇಶಕರ ಕೈಗಳು ಚಪ್ಪಾಳೆಯ ಅರ್ಧದಲ್ಲೇ ನಿಂತಿದ್ದವು. ಅಧ್ಯಕ್ಷೆ ಹುಡುಗಿಯ ಕಡೆ ತಿರುಗಿ, "ನಿನ್ನ ಹೊಸದು ತೋರ್ಸಮ್ಮ" ಎಂದರು. ಅದು ಪರದೆಗೆ ಬಂದಾಗ ಮೊದಲ ಸಾಲಿನಲ್ಲೇ ವೇಳೆ, ಟಿಕೆಟ್, ಟಾಯ್ಲೆಟ್ ಎಂದು ದಪ್ಪ ಅಕ್ಷರದಲ್ಲಿತ್ತು. ಅಧ್ಯಕ್ಷೆ ಅದನ್ನು ಮುಟ್ಟಿಯೂ ನೋಡದೆ ಒಪ್ಪಿಗೆಗೆ ಸಹಿ ಹಾಕಿದರು. "ಈ ಮನುಷ್ಯನ ಕುರ್ಚಿ ಮುಂಬಾಗಿಲಿಗೆ ಹಾಕಿ. ಕರೆಂಟ್ ಹೋದ್ರೆ ಏನು ಮಾಡ್ತೀರಿ?" ಎಂದು ಎದ್ದರು. ಇದು ಬಡ್ತಿಯೋ ಶಿಕ್ಷೆಯೋ ರಾಯರಿಗೆ ತಿಳಿಯಲಿಲ್ಲ. ಕುರ್ಚಿ ಜೊತೆಗೆ ಬರುತ್ತದೆ ಎಂಬಷ್ಟು ಗೊತ್ತಾಯಿತು.

ಹೊರಡುವಾಗ ಮೇಷ್ಟ್ರು ಹುಡುಗಿಯನ್ನು ತಡೆದರು. "ಒಂದು ಅನುಮಾನ. ಈಗ ಇವನು ಪಾಸೋ ಫೇಲೋ?"

"ಫೇಲಾಗಿದ್ದು ವೆಬ್‌ಸೈಟು ಸರ್. ಹತ್ತು ಜನಕ್ಕೆ ಉತ್ತರ ಸಿಗ್ಲಿಲ್ಲ ಅಂದ್ರೆ ತಪ್ಪು ಹತ್ತು ಜನರದ್ದಲ್ಲ, ಪ್ರಶ್ನೆ ಇಟ್ಟವರದ್ದು."

ಮೇಷ್ಟ್ರು ಮನೆಯ ದಾರಿ ಹಿಡಿದರು. ರಾಯರು ಎರಡು ಹೆಜ್ಜೆ ಹಿಂದೆ, 'ಏ ಕೊನೇ ಬೆಂಚು' ಎಂಬ ಕೂಗಿಗೆ ಕಿವಿ ಕೊಟ್ಟುಕೊಂಡು ನಡೆಯುತ್ತಿದ್ದರು. ದರ್ಜಿಯ ಅಂಗಡಿ ದಾಟಿದ ಮೇಲೆ ಮೇಷ್ಟ್ರು ನಿಂತರು.

"ಎರಡನೇ ಸಲ ಕೂತಿದ್ಯಲ್ಲ, ಆ ಪೇಪರಿನ ಆರನೇ ಲೆಕ್ಕ ನೆನಪಿದ್ಯಾ?"

"ತೊಟ್ಟಿಗೆ ನೀರು ತುಂಬೋದು, ಸಾರ್."

"ಉದ್ದ ಕೊಟ್ಟಿದ್ದೆ, ಅಗಲ ಕೊಟ್ಟಿದ್ದೆ. ಎತ್ತರ ಕೊಡೋದು ಮರೆತಿದ್ದೆ. ತರಗತೀಲಿ ಒಬ್ಬರಿಗೂ ಬರಲಿಲ್ಲ. ದಡ್ಡರು ಅಂತ ಎಲ್ರಿಗೂ ಸೊನ್ನೆ ಹಾಕ್ದೆ. ರಜೆಯಲ್ಲಿ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ." ಮೇಷ್ಟ್ರು ರಸ್ತೆಯ ಆ ಕಡೆ ನೋಡುತ್ತಿದ್ದರು. "ಎಷ್ಟು ಬಂದಿತ್ತು ನಿನಗೆ?"

ರಾಯರು ಯೋಚಿಸಬೇಕಾಗಿಯೇ ಇರಲಿಲ್ಲ. "ಮೂವತ್ತೊಂದು, ಸಾರ್."

"ಆ ಲೆಕ್ಕಕ್ಕೆ ನಾಲ್ಕು ಅಂಕ." ಗಣಿತದ ಮೇಷ್ಟ್ರು ಬೆರಳು ಮಡಿಚಿ ಕೂಡಿಸಿದರು. "ಮೂವತ್ತೈದು. ನೀನು ಪಾಸಾಗಿದ್ದೆ ಕಣಯ್ಯ."

ರಾಯರು ರಸ್ತೆಯ ನಡುವೆ ನಿಂತುಬಿಟ್ಟರು. ಒಬ್ಬ ಸೈಕಲ್ಲಿನವನು ಬೈದುಕೊಂಡು ಸುತ್ತಿ ಹೋದ. ಅವರ ಹಣೆ ಗಂಟಿಕ್ಕಿತು.

"ಎರಡನೇ ಸಲಾನೇ ಪಾಸಾಗಿದ್ರೆ ಮೂರನೇ ಸಲ ಕೂರ್ತಿರ್ಲಿಲ್ಲ, ಅಲ್ವಾ?"

"ಇಲ್ಲ."

"ರಿಸಲ್ಟ್ ಕೇಳೋಕೆ ನಿಮ್ಮನೆಗೂ ಬರ್ತಿರ್ಲಿಲ್ಲ."

"ಯಾಕೆ ಬರ್ತಿದ್ದೆ?"

"ಬಾಗಿಲೂ ಅವಳು ತೆಗೀತಿರ್ಲಿಲ್ಲ."

ಮೇಷ್ಟ್ರು ತಿರುಗಿ ಅಳಿಯನ ಮುಖ ನೋಡಿದರು. ರಾಯರು ಇನ್ನೊಮ್ಮೆ ಮನಸ್ಸಿನಲ್ಲೇ ಎಲ್ಲ ಕೂಡಿಸಿ ಕಳೆದು, ತಲೆ ಅಲ್ಲಾಡಿಸಿದರು.

"ಆ ನಾಲ್ಕು ಅಂಕ ನನಗೆ ಬೇಡ ಬಿಡಿ, ಮಾವ."